ಕಥೆ ಬರೆದು ಬಂದ 2,860 ರೂಪಾಯಿ: ಪ್ಯಾನ್ ಕೊಡಬಹುದು, ‘ಎಲ್ಲ ಹಕ್ಕು’ ಕೊಡಬೇಡಿ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಗೃಹಿಣಿ, ವಯಸ್ಸು 34. ಒಂದೆಕರೆ ಅಡಿಕೆ ತೋಟವಿದೆ. ಹದಿನಾಲ್ಕು ತಿಂಗಳಿನಿಂದ ಮೊಬೈಲಿನಲ್ಲೇ ಟೈಪ್ ಮಾಡಿ ಒಂದು ಕಥೆಗಳ ಆ್ಯಪ್‌ಗೆ ಧಾರಾವಾಹಿ ಬರೆಯುತ್ತಿದ್ದೇನೆ, 112 ಕಂತುಗಳಾಗಿವೆ. ಓದುಗರಿಂದ ಇದುವರೆಗೆ ಬಂದಿರುವುದು ಒಟ್ಟು 2,860 ರೂಪಾಯಿ. ನನ್ನ ಬ್ಯಾಂಕ್ ಖಾತೆಗೆ ಹಳೆಯ ಮೊಬೈಲ್ ನಂಬರ್ ಜೋಡಣೆಯಾಗಿರುವುದರಿಂದ ಹಣವನ್ನು ಶಿವಮೊಗ್ಗದಲ್ಲಿರುವ ತಮ್ಮನ ಖಾತೆಗೆ ಹಾಕಿಸಿಕೊಂಡೆ. ಈಗ ಆ್ಯಪ್‌ನವರು ಪ್ಯಾನ್ ಕೇಳುತ್ತಿದ್ದಾರೆ. ಕೊಟ್ಟರೆ ಗೃಹಲಕ್ಷ್ಮಿ ಹಣ ನಿಲ್ಲುತ್ತದೆ, ಬಿಪಿಎಲ್ ಕಾರ್ಡೂ ಹೋಗುತ್ತದೆ ಎಂದು ನಮ್ಮ ಭಾವನವರು ಹೇಳುತ್ತಾರೆ. ಇದರ ನಡುವೆ, 1,999 ರೂಪಾಯಿ ನೋಂದಣಿ ಶುಲ್ಕ ಕಟ್ಟಿದರೆ ದಿನಕ್ಕೆ 1,000 ರೂಪಾಯಿಯ ಬರವಣಿಗೆ ಕೆಲಸ ಕೊಡುತ್ತೇವೆ ಎಂದು ಬರಹಗಾರರ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಒಬ್ಬರು ಒತ್ತಾಯಿಸುತ್ತಿದ್ದಾರೆ. ಮತ್ತೊಂದು ಆಡಿಯೊ ಕಂಪನಿಯವರು 3,000 ರೂಪಾಯಿ ಕೊಡುತ್ತೇವೆ, ಕಥೆಯ ಎಲ್ಲ ಹಕ್ಕುಗಳನ್ನು ಬರೆದುಕೊಡಿ ಎನ್ನುತ್ತಿದ್ದಾರೆ. ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹೆಚ್ಚು ಜಾಗ ಹಿಡಿದಿರುವುದು ಪ್ಯಾನ್ ವಿಚಾರ, ಕೊನೆಯ ಒಂದೇ ಸಾಲಿನಲ್ಲಿ ಬಂದಿರುವುದು ಆಡಿಯೊ ಕಂಪನಿಯ ಕಾಗದ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ತೆರಿಗೆ ಲೆಕ್ಕ ಮತ್ತು ಕರಾರುಪತ್ರಗಳ ಕೆಲಸ ಮಾಡುತ್ತಿರುವ ನನಗೆ ಅಪಾಯದ ಕ್ರಮ ಇದಕ್ಕೆ ತಿರುಗುಮುರುಗಾಗಿ ಕಾಣುತ್ತದೆ. ಪ್ಯಾನ್ ಕೊಡುವುದರಿಂದ ನೀವು ಕಳೆದುಕೊಳ್ಳುವುದು ಏನೂ ಇಲ್ಲ, ಆ ಕಾಗದಕ್ಕೆ ಸಹಿ ಹಾಕಿದರೆ ಹದಿನಾಲ್ಕು ತಿಂಗಳ ಕೆಲಸವೇ ಕೈಬಿಟ್ಟುಹೋಗಬಹುದು. ಆದರೂ ಮನೆಯಲ್ಲಿ ದಿನವೂ ಚರ್ಚೆಯಾಗುತ್ತಿರುವುದು ಗೃಹಲಕ್ಷ್ಮಿಯ ವಿಷಯವಾದ್ದರಿಂದ ಅದನ್ನೇ ಮೊದಲು ಮುಗಿಸೋಣ.

ಗೃಹಲಕ್ಷ್ಮಿ ಯೋಜನೆಯ ನಿಯಮ ಹೇಳುವುದು ಇಷ್ಟು: ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾಗಿರುವ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಸಲ್ಲುತ್ತದೆ, ಆಕೆಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಸಲ್ಲುವುದಿಲ್ಲ. ಪ್ಯಾನ್ ಕಾರ್ಡ್ ಹೊಂದಿರುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ನಿಮ್ಮ ಊರಿನಲ್ಲಿ ಬ್ಯಾಂಕ್ ಸಾಲಕ್ಕಾಗಿ, ಠೇವಣಿಗಾಗಿ ಪ್ಯಾನ್ ಮಾಡಿಸಿಕೊಂಡು ಗೃಹಲಕ್ಷ್ಮಿ ಹಣವನ್ನೂ ಪಡೆಯುತ್ತಿರುವ ಹೆಂಗಸರು ನಿಮ್ಮ ಕಣ್ಣೆದುರೇ ಇರುತ್ತಾರೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿಯ ಮಿತಿಯಿದೆ. ಹದಿನಾಲ್ಕು ತಿಂಗಳಿಗೆ ಬಂದ 2,860 ರೂಪಾಯಿ ಆ ಲೆಕ್ಕವನ್ನು ಅಲುಗಾಡಿಸುವುದಿಲ್ಲ. ಕಾರ್ಡಿಗೆ ಕುತ್ತು ಬರುವುದಿದ್ದರೆ ಅದು ತೋಟದ ಆದಾಯದಿಂದ ಬರಬಹುದೇ ಹೊರತು ಕಥೆಯಿಂದಲ್ಲ ಎಂದು ನಿಮ್ಮ ಭಾವನವರಿಗೆ ತಿಳಿಸಬಹುದು, ಅವರು ಬೇಸರ ಮಾಡಿಕೊಳ್ಳುವುದಿಲ್ಲವಾದರೆ.

ಹಾಗಾದರೆ ಇಷ್ಟು ಚಿಕ್ಕ ಮೊತ್ತಕ್ಕೂ ಅವರು ಪ್ಯಾನ್ ಕೇಳುವುದೇಕೆ? ಲೇಖಕರಿಗೆ ಹಣ ಕೊಡುವ ಸಂಸ್ಥೆ ಒಂದು ಹಣಕಾಸು ವರ್ಷದಲ್ಲಿ ಒಬ್ಬರಿಗೆ ಕೊಟ್ಟ ರಾಯಧನ (ರಾಯಲ್ಟಿ) ನಿಗದಿತ ಮಿತಿ ದಾಟಿದರೆ ಅದರಲ್ಲಿ ಶೇ 10ರಷ್ಟನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಟಿಡಿಎಸ್ ಎನ್ನುವುದು ಇದನ್ನೇ. 30,000 ರೂಪಾಯಿ ಇದ್ದ ಆ ಮಿತಿಯನ್ನು 2025ರ ಏಪ್ರಿಲ್ 1ರಿಂದ 50,000ಕ್ಕೆ ಏರಿಸಲಾಗಿದೆ. ಯಾರು ಯಾವಾಗ ಮಿತಿ ದಾಟುತ್ತಾರೆಂದು ಮೊದಲೇ ಗೊತ್ತಾಗದ ಕಾರಣ ಎಲ್ಲರಿಂದಲೂ ಪ್ಯಾನ್ ಪಡೆದಿಟ್ಟುಕೊಳ್ಳುತ್ತಾರೆ. ಮಿತಿ ದಾಟಿಯೂ ಪ್ಯಾನ್ ಕೊಡದಿದ್ದರೆ ಕಡಿತ ಶೇ 20 ಆಗುತ್ತದೆ. ಬ್ಯಾಂಕಿನಲ್ಲಿ ಠೇವಣಿಯ ಬಡ್ಡಿಗೆ ತೆರಿಗೆ ಮುರಿಯಬೇಡಿ ಎಂದು ಬರೆದುಕೊಡುವ ಸ್ವಯಂಘೋಷಣೆ ರಾಯಧನಕ್ಕೆ ಅನ್ವಯಿಸುವುದಿಲ್ಲ. ಇಲ್ಲಿಯೂ ಅದು ನಡೆಯುತ್ತದೆಂದು ನಂಬಿ ಅರ್ಜಿ ತುಂಬಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಮುಂದೊಂದು ವರ್ಷ ನಿಮ್ಮ ಕಥೆಗೆ 60,000 ರೂಪಾಯಿ ಬಂದು 6,000 ಕಡಿತವಾಯಿತೆಂದು ಇಟ್ಟುಕೊಳ್ಳಿ. ಆಗಲೂ ನೀವು ತೆರಿಗೆ ಕಟ್ಟಬೇಕಾದವರ ಸಾಲಿಗೆ ಸೇರುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂಪಾಯಿವರೆಗೆ ತೆರಿಗೆಯೇ ಇಲ್ಲ, 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿ ಸೇರಿ ಕಟ್ಟಬೇಕಾದ ಮೊತ್ತ ಶೂನ್ಯವಾಗುತ್ತದೆ. ಅಡಿಕೆಯ ಆದಾಯ ಕೃಷಿ ಆದಾಯವಾದ್ದರಿಂದ ಅದಕ್ಕೆ ಆದಾಯ ತೆರಿಗೆಯ ವಿನಾಯಿತಿ ಪ್ರತ್ಯೇಕವಾಗಿಯೇ ಇದೆ. ಮುರಿದುಕೊಂಡ 6,000 ರೂಪಾಯಿಯನ್ನು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಹಾಗೆ ಸಲ್ಲಿಸಿದಾಗ ‘ಕಟ್ಟಬೇಕಾದ ತೆರಿಗೆ: ಸೊನ್ನೆ’ ಎಂದು ಕಾಣುವ ಹಾಳೆಯನ್ನು ಮುದ್ರಿಸಿ ಪಡಿತರ ಚೀಟಿಯ ಜೊತೆಗೇ ಇಟ್ಟುಕೊಳ್ಳಿ, ಏಕೆಂದರೆ ರಿಟರ್ನ್ ಸಲ್ಲಿಸಿದವರನ್ನೂ ತೆರಿಗೆ ಕಟ್ಟಿದವರನ್ನೂ ಒಂದೇ ಎಂದು ತಿಳಿಯುವವರು ಕಚೇರಿಯ ಮೇಜಿನ ಆ ಬದಿಯಲ್ಲೂ ಇರುತ್ತಾರೆ. ಜಿಎಸ್‌ಟಿಯ ಮಾತು ಸದ್ಯಕ್ಕೆ ಬೇಡ. ಸೇವೆಗಳಿಗೆ ಅದರ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ.

ತಮ್ಮನ ಖಾತೆಯ ವ್ಯವಸ್ಥೆಯನ್ನು ಮಾತ್ರ ಈ ತಿಂಗಳೇ ನಿಲ್ಲಿಸಿ. ಖಾತೆ ಅವರದು, ಪ್ಯಾನ್ ನಿಮ್ಮದು ಎಂದಾದರೆ ಹೆಸರು ತಾಳೆಯಾಗದೆ ಪಾವತಿ ನಡುವೆಯೇ ನಿಲ್ಲುತ್ತದೆ. ಎರಡೂ ಅವರದೇ ಆದರೆ ಕಾಗದದ ಮೇಲೆ ಆ ಆದಾಯ ಅವರದಾಗುತ್ತದೆ, ಕಡಿತವಾದ ತೆರಿಗೆ ಅವರ ಲೆಕ್ಕಕ್ಕೇ ಜಮೆಯಾಗುತ್ತದೆ, ಮತ್ತು ನಾಳೆ ಆ ಕಥೆ ಯಾರದು ಎಂಬ ತಕರಾರು ಬಂದರೆ ಹಣ ಪಡೆದವರ ಹೆಸರು ನಿಮಗೆ ವಿರುದ್ಧವಾದ ಸಾಕ್ಷಿಯಾಗಿ ನಿಲ್ಲುತ್ತದೆ. ಬ್ಯಾಂಕಿಗೆ ಒಮ್ಮೆ ಹೋಗಿ ಮೊಬೈಲ್ ನಂಬರ್ ಬದಲಿಸಿಕೊಳ್ಳಿ. ಹೊಸ ನಂಬರಿಗೆ ಬರುವ ಒಟಿಪಿ ನಿಮ್ಮ ಮನೆಯಲ್ಲಿ ಸಿಗುತ್ತದೆಯೋ, ಅದಕ್ಕಾಗಿ ಗುಡ್ಡ ಹತ್ತಬೇಕೋ ಎಂಬುದನ್ನು ಮೊದಲೇ ನೋಡಿಕೊಂಡು, ಅಂಗಳದಲ್ಲಾದರೂ ಸಿಗ್ನಲ್ ಸಿಗುವ ಕಂಪನಿಯ ಸಿಮ್ಮನ್ನೇ ಕೊಡಿ.

ಇನ್ನು ಹಣ ಇಷ್ಟು ಕಡಿಮೆ ಏಕೆ ಎಂಬುದು. ನೀವು ಅದನ್ನು ಕೇಳಿಲ್ಲ, ಆದರೆ ದಿನಕ್ಕೆ 1,000 ರೂಪಾಯಿಯ ಮಾತಿಗೆ ಮನಸ್ಸು ಒಲಿದಿರುವುದರ ಹಿಂದೆ ಆ ಪ್ರಶ್ನೆಯೇ ಇದೆ ಎಂದು ನನ್ನ ಊಹೆ. ಕಂತಿನ ಲೆಕ್ಕದಲ್ಲಿ ನಿಮಗೆ ದಕ್ಕಿದ್ದು ಸುಮಾರು 25 ರೂಪಾಯಿ. ಅಡಿಕೆ ಸುಲಿಯಲು ಬರುವವರಿಗೆ ಸುಲಿದಷ್ಟಕ್ಕೆ ಕೂಲಿ ಲೆಕ್ಕ ಹಾಕುತ್ತೇವೆ. ಕಥೆಗಳ ಆ್ಯಪ್‌ಗಳು ಬರೆದಷ್ಟಕ್ಕೆ ಕೊಡುವುದಿಲ್ಲ, ಓದುಗರು ಖರ್ಚು ಮಾಡಿದಷ್ಟರಲ್ಲಿ ಪಾಲು ಕೊಡುತ್ತವೆ. ಓದುಗರೊಬ್ಬರು ನಿಮ್ಮ ಮುಂದಿನ ಕಂತು ಓದಲು ಅಥವಾ ನಿಮಗೆ ಉಡುಗೊರೆ ಕಳಿಸಲು ಆ್ಯಪ್‌ನೊಳಗೆ ಹಣದ ಬದಲು ನಡೆಯುವ ‘ಕಾಯಿನ್’ ಅನ್ನು 100 ರೂಪಾಯಿಗೆ ಕೊಂಡರೆಂದು ತಿಳಿಯಿರಿ. ಅದರೊಳಗೇ ಶೇ 18ರ ಜಿಎಸ್‌ಟಿ ಸೇರಿರುತ್ತದೆ. ಅದನ್ನು ತೆಗೆದರೆ 84 ರೂಪಾಯಿ 75 ಪೈಸೆ. ಫೋನಿನ ಆ್ಯಪ್ ಅಂಗಡಿಯ ಮೂಲಕ ಹಣ ಪಾವತಿಯಾಗಿದ್ದರೆ ಆ ಅಂಗಡಿ ಶೇ 15ರಿಂದ 30ರವರೆಗೆ ಹಿಡಿದುಕೊಳ್ಳುತ್ತದೆ. ಶೇ 15 ಎಂದೇ ಹಿಡಿದರೂ ಉಳಿಯುವುದು 72 ರೂಪಾಯಿ. ಕರಾರಿನಲ್ಲಿ ಲೇಖಕರಿಗೆ ಅರ್ಧ ಎಂದಿದ್ದರೆ ನಿಮಗೆ 36. ಅದೂ ಹಣ ಕೊಟ್ಟು ಓದುವವರ ಲೆಕ್ಕ. ಬಹುಪಾಲು ಜನ ಪುಕ್ಕಟೆ ಸಿಗುವ ಕಂತುಗಳನ್ನು ಓದಿ, ‘ಸೂಪರ್ ಮೇಡಂ’ ಎಂದು ಬರೆದು ಹೋಗುತ್ತಾರೆ.

ಆದ್ದರಿಂದ ಅಡಿಕೆ ಮಂಡಿಯವರು ಕೊಡುವ ಪಟ್ಟಿಯನ್ನು ನಿಮ್ಮ ಮನೆಯಲ್ಲಿ ಹೇಗೆ ತೂಕ, ದರ, ಕಡಿತ ಎಂದು ಸಾಲುಸಾಲಾಗಿ ನೋಡುತ್ತೀರೋ ಹಾಗೆಯೇ ಆ್ಯಪ್‌ನ ಗಳಿಕೆಯ ಪುಟವನ್ನೂ ನೋಡಬೇಕು. ಕನಿಷ್ಠ ಎಷ್ಟಾದರೆ ಹಣ ಖಾತೆಗೆ ಬರುತ್ತದೆ, ಆ ಕನಿಷ್ಠ ಮೊತ್ತ ತಲುಪದೆ ಉಳಿದದ್ದು ಅವಧಿ ಮೀರಿ ಅಳಿಸಿಹೋಗುತ್ತದೆಯೇ, ಬೋನಸ್‌ಗೆ ಏನು ಷರತ್ತು ಎಂಬುದನ್ನು ಓದಿ. ‘ಮೂವತ್ತು ದಿನ ತಪ್ಪದೆ ದಿನಕ್ಕೊಂದು ಕಂತು’ ಎಂಬ ಷರತ್ತು ಬೆಂಗಳೂರಿನಲ್ಲಿ ಕುಳಿತು ಬರೆದವರಿಗೆ ಸುಲಭವಾಗಿ ಕಾಣಬಹುದು. ಪುನರ್ವಸು, ಪುಷ್ಯ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ, ಟವರ್ ಬ್ಯಾಟರಿ ಇಳಿದು ಫೋನು ಮೂಕವಾಗುವ ನಮ್ಮ ಕಡೆ ಇಪ್ಪತ್ತೇಳನೆಯ ದಿನ ಸರಪಳಿ ಕಡಿದರೆ ಹಿಂದಿನ ಇಪ್ಪತ್ತಾರೂ ವ್ಯರ್ಥ. ಮುಂಚೆಯೇ ಕಂತು ಬರೆದಿಟ್ಟು, ದಿನಾಂಕ ಹಾಕಿ ತಾನಾಗಿ ಪ್ರಕಟವಾಗುವಂತೆ ಮಾಡುವ ಅನುಕೂಲ ನಿಮ್ಮ ಆ್ಯಪ್‌ನಲ್ಲಿದ್ದರೆ ಮಾತ್ರ ಮಳೆಗಾಲದಲ್ಲಿ ಅಂಥ ಬೋನಸ್ಸಿನ ಹಿಂದೆ ಹೋಗಿ.

ಸ್ವಂತ ಬ್ಲಾಗ್ ಮಾಡಿ ಜಾಹೀರಾತಿನಿಂದ ಗಳಿಸುವ ದಾರಿಯನ್ನೂ ಕೆಲವರು ಕೇಳುತ್ತಾರೆ. ಗೂಗಲ್‌ನ ಆ್ಯಡ್‌ಸೆನ್ಸ್‌ನಲ್ಲಿ ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಪಿನ್ ಇರುವ ಕಾಗದ ಸಾಮಾನ್ಯ ಅಂಚೆಯಲ್ಲಿ ಬರುತ್ತದೆ, 100 ಡಾಲರ್ ಆಗುವವರೆಗೆ ಹಣ ಕೈಗೆ ಬರುವುದಿಲ್ಲ. ಕಥೆಗಳ ಬ್ಲಾಗೊಂದು ಅಲ್ಲಿಗೆ ತಲುಪಲು ವರ್ಷಗಳೇ ಬೇಕಾಗಬಹುದು. ನಿಮಗೆ ನಾನು ಅದನ್ನು ಸೂಚಿಸಲಾರೆ.

ಈಗ ಆ 1,999 ರೂಪಾಯಿಯ ವಿಚಾರ. ಕಟ್ಟಬೇಡಿ. ಕೆಲಸ ಕೊಡುವವರು ಕೆಲಸಗಾರರಿಂದ ಹಣ ಕೇಳುವುದಿಲ್ಲ. ನೋಂದಣಿ, ತರಬೇತಿ, ಗುರುತಿನ ಚೀಟಿ, ವಾಪಸಾಗುವ ಠೇವಣಿ ಎಂದು ಹೆಸರು ಏನೇ ಇಟ್ಟರೂ ಹಣ ಹೋಗುವ ದಿಕ್ಕು ಒಂದೇ. ಮೊದಲೆರಡು ದಿನ 150, 200 ರೂಪಾಯಿ ಖಾತೆಗೆ ಬಂದರೂ ನಂಬಬೇಡಿ, ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ‘ಹಣ ಸ್ವೀಕರಿಸಲು ನಿಮ್ಮ ಯುಪಿಐ ಪಿನ್ ಒತ್ತಿ’ ಎಂದರೆ ಅಲ್ಲಿಗೇ ಫೋನ್ ಇಡಿ, ಏಕೆಂದರೆ ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕಳಿಸುವಾಗ, ಪಡೆಯುವಾಗ ಅಲ್ಲ. ನಿಮ್ಮ ಖಾತೆಗೆ ಬೇರೆಯವರ ಹಣ ಹಾಕುತ್ತೇವೆ, ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸಿ ಎಂಬ ‘ಕೆಲಸ’ ಇನ್ನೂ ಕೆಟ್ಟದ್ದು. ಅದು ವಂಚನೆಯ ಹಣವಾಗಿದ್ದರೆ ಪೊಲೀಸರು ತಡೆಹಿಡಿಯುವುದು ನಿಮ್ಮ ಖಾತೆಯನ್ನು, ಅದೇ ಖಾತೆಗೆ ಬರುವ ಗೃಹಲಕ್ಷ್ಮಿಯ ಹಣವೂ ಆಗ ಕೈಗೆ ಸಿಗುವುದಿಲ್ಲ.

ಇದರದೇ ಒಂದು ರೂಪವನ್ನು ನನ್ನ ಮೇಜಿನ ಮೇಲೆಯೇ ನೋಡಿದ್ದೇನೆ. ಭದ್ರಾವತಿ ಕಡೆಯ ಯುವಕನೊಬ್ಬ ಕೈಬರಹದ ಪುಟಗಳನ್ನು ಟೈಪ್ ಮಾಡಿಕೊಡುವ ಕೆಲಸ ಒಪ್ಪಿಕೊಂಡಿದ್ದ. ಐದು ದಿನದಲ್ಲಿ ನಾನೂರು ಪುಟ, ತಪ್ಪು ಶೇ 10ಕ್ಕಿಂತ ಹೆಚ್ಚಿರಬಾರದು ಎಂದು ಷರತ್ತು. ಕಣ್ಣು ಕೆಂಪಗಾಗುವಂತೆ ಟೈಪ್ ಮಾಡಿ ಕಳಿಸಿದ ಮೇಲೆ, ತಪ್ಪು ಹೆಚ್ಚಾಗಿದೆ, ಕರಾರು ಮುರಿದಿದ್ದೀರಿ, 6,500 ರೂಪಾಯಿ ಕಟ್ಟದಿದ್ದರೆ ಬಂಧನ ಎಂದು ವಾಟ್ಸ್‌ಆ್ಯಪ್‌ನಲ್ಲಿ ‘ನೋಟಿಸ್’ ಬಂತು. ಎರಡು ಮೊಹರು, ಒಂದು ತಕ್ಕಡಿಯ ಚಿತ್ರ, ಮೇಲೆ ದಪ್ಪಕ್ಷರದಲ್ಲಿ ‘ಸೂರತ್ ಹೈಕೋರ್ಟ್’. ಗುಜರಾತಿನ ಹೈಕೋರ್ಟ್ ಇರುವುದು ಅಹಮದಾಬಾದಿನಲ್ಲಿ. ಸೂರತ್‌ನಲ್ಲಿ ಹೈಕೋರ್ಟೇ ಇಲ್ಲ. ಪ್ರಕರಣದ ಸಂಖ್ಯೆಯೂ ಇರಲಿಲ್ಲ. ಆ ಹುಡುಗ ಎರಡು ರಾತ್ರಿ ನಿದ್ದೆಗೆಟ್ಟು, ಮನೆಯಲ್ಲಿ ಹೇಳಲಾಗದೆ, ಅಮ್ಮನ ಓಲೆ ಅಡವಿಡುವ ಯೋಚನೆಗೆ ಬಂದಿದ್ದ. ಕರಾರಿನ ಉಲ್ಲಂಘನೆ ಸಿವಿಲ್ ವಿಷಯ, ಅದೊಂದಕ್ಕೇ ಯಾರನ್ನೂ ಬಂಧಿಸುವುದಿಲ್ಲ. ಕರಾರಿನಲ್ಲಿ ದಂಡ ಎಂದು ಎಷ್ಟೇ ಬರೆದುಕೊಂಡಿದ್ದರೂ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯಾಲಯಕ್ಕೆ ಸಮಂಜಸವೆನಿಸಿದ ಪರಿಹಾರ ಮಾತ್ರ. ಅವನು ಹಣ ಕಟ್ಟಲಿಲ್ಲ. ಆ ನಂಬರಿನಿಂದ ಹತ್ತಾರು ಕರೆಗಳು ಬಂದವು, ಆಮೇಲೆ ನಿಂತುಹೋದವು. ನೀವು ಈಗಾಗಲೇ ಏನಾದರೂ ಕಟ್ಟಿದ್ದರೆ ಸಂಕೋಚಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲು ದೂರು ದಾಖಲಾದರೆ ತಡೆಯುವ ಅವಕಾಶ ಹೆಚ್ಚು. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಕೊನೆಗೆ ಆಡಿಯೊ ಕಂಪನಿಯ ಕಾಗದ. ಇವರು ವಂಚಕರಿರಬೇಕೆಂದಿಲ್ಲ, ಅದಕ್ಕೇ ಇಲ್ಲಿ ಹೆಚ್ಚು ಎಚ್ಚರ ಬೇಕು. ಚೇಣಿ ಎಂದರೆ ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ತೋಟದ ಈ ವರ್ಷದ ಫಸಲನ್ನು ಚೇಣಿದಾರರಿಗೆ ಒಪ್ಪಿಸಿದರೆ ಅಡಿಕೆ ಗೊನೆ ಇಳಿಸಿಕೊಂಡು ಹೋಗುವುದು ಅವರ ಹಕ್ಕು, ಮರ ಮತ್ತು ನೆಲ ನಿಮ್ಮದೇ. ತೋಟವನ್ನೇ ಕ್ರಯಕ್ಕೆ ಬರೆದುಕೊಟ್ಟರೆ ಮರುವರ್ಷ ನೀವು ಬೇಲಿಯ ಹೊರಗೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಇಂಥವೇ ಎರಡು ಬಗೆಗಳಿವೆ. ಪರವಾನಗಿ ಎನ್ನುವುದು ಚೇಣಿ, ಹಕ್ಕಿನ ವರ್ಗಾವಣೆ ಎನ್ನುವುದು ಕ್ರಯ. ಆ್ಯಪ್‌ಗೆ ಕಥೆ ಹಾಕುವಾಗ ‘ಒಪ್ಪಿದ್ದೇನೆ’ ಎಂದು ಒತ್ತಿದಾಗ ನೀವು ಸಾಮಾನ್ಯವಾಗಿ ಕೊಡುವುದು ಪರವಾನಗಿ. ಆಡಿಯೊ ಕಂಪನಿ 3,000 ರೂಪಾಯಿಗೆ ಕೇಳುತ್ತಿರುವುದು ಕ್ರಯಪತ್ರ: ಅದರಲ್ಲಿ ಪುಸ್ತಕ, ಅನುವಾದ, ಧಾರಾವಾಹಿ, ಸಿನಿಮಾ ಎಲ್ಲವೂ ಸೇರಿಹೋಗುತ್ತವೆ.

ಕಾನೂನು ಲೇಖಕರ ಪರವಾಗಿ ಕೆಲವು ಬೇಲಿಗಳನ್ನು ಹಾಕಿದೆ. ಕಥೆ ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು, ನಿಮ್ಮ ಜೀವಿತಾವಧಿ ಮತ್ತು ಆನಂತರ 60 ವರ್ಷ. ನೋಂದಣಿ ಕಡ್ಡಾಯವಲ್ಲ, ಮಾಡಿಸುವುದಾದರೆ ಸಾಹಿತ್ಯ ಕೃತಿಗೆ ಸರ್ಕಾರಿ ಶುಲ್ಕ 500 ರೂಪಾಯಿ. ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರದಿದ್ದರೆ ಊರ್ಜಿತವಲ್ಲ, ಫೋನಿನಲ್ಲಿ ‘ಹ್ಞೂಂ’ ಎಂದದ್ದು ಲೆಕ್ಕಕ್ಕಿಲ್ಲ. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದು, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರವೆಂದು ಅರ್ಥ. ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಎರಡು ಪದಗಳು ಇಂಥ ಕರಾರುಗಳಲ್ಲಿ ತಪ್ಪದೆ ಕಾಣುವುದು ಈ ರಕ್ಷಣೆಯನ್ನು ದಾಟುವುದಕ್ಕಾಗಿಯೇ. 2012ರ ತಿದ್ದುಪಡಿ ಇನ್ನೊಂದು ಬೇಲಿ ಕಟ್ಟಿತು. ಧ್ವನಿಮುದ್ರಣದಲ್ಲಿ ಬಳಕೆಯಾದ ಸಾಹಿತ್ಯ ಕೃತಿಯ ಲೇಖಕರು, ಹಕ್ಕನ್ನು ವರ್ಗಾಯಿಸಿದ ಮೇಲೂ, ಅದರ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡುವಂತಿಲ್ಲ. ನಿಮ್ಮ ಕಥೆಯನ್ನು ಓದಿಸಿ ಮುದ್ರಿಸಿಕೊಳ್ಳುವುದು ಧ್ವನಿಮುದ್ರಣವೇ. ಕಾನೂನು ಇದೆಯೆಂದು ಆ ಪಾಲು ಮನೆ ಬಾಗಿಲಿಗೆ ಬರುವುದಿಲ್ಲ, ಕರಾರಿನಲ್ಲಿ ಬರೆಸಿಕೊಳ್ಳದ ಪಾಲನ್ನು ವಸೂಲು ಮಾಡಲು ಆಗುವ ಖರ್ಚು ಆ ಪಾಲಿಗಿಂತ ದೊಡ್ಡದಿರುತ್ತದೆ. ಆದರೆ ಮಾತುಕತೆಯಲ್ಲಿ ಇದನ್ನು ಉಲ್ಲೇಖಿಸಿದರೆ ಎದುರಿನವರ ದನಿ ಬದಲಾಗುವುದನ್ನು ಒಂದೆರಡು ಬಾರಿ ಕೇಳಿದ್ದೇನೆ.

ಸಹಿಗೆ ಮುನ್ನ ಆ್ಯಪ್‌ನೊಂದಿಗಿನ ನಿಮ್ಮ ಹಳೆಯ ಒಪ್ಪಂದವನ್ನೂ ತೆರೆದು ನೋಡಿ. ಅದರಲ್ಲಿ ಈ ಕಥೆಯನ್ನು ನಿಗದಿತ ಕಾಲದವರೆಗೆ ಬೇರೆಲ್ಲೂ ಕೊಡುವುದಿಲ್ಲವೆಂದು ಒಪ್ಪಿದ್ದರೆ ಒಂದೇ ತೋಟವನ್ನು ಇಬ್ಬರಿಗೆ ಚೇಣಿ ಕೊಟ್ಟಂತಾಗುತ್ತದೆ.

ಆ್ಯಪ್ ಬಿಡಬೇಕೆಂದು ನಾನು ಹೇಳುವುದಿಲ್ಲ. 112 ಕಂತು ಬರೆಯುವ ಕೈಪಳಗು ಅಲ್ಲಿಂದಲೇ ಬಂದಿದೆ. ಎಲ್ಲವನ್ನೂ ಅಲ್ಲಿಗೇ ಸುರಿಯಬೇಡಿ. ಪತ್ರಿಕೆಗಳು ಕಥೆಗೆ ಗೌರವಧನ ಕೊಡುತ್ತವೆ, ದೀಪಾವಳಿ, ಯುಗಾದಿ ವಿಶೇಷಾಂಕಗಳ ಸ್ಪರ್ಧೆಗಳಿಗೆ ಬಹುಮಾನಗಳಿವೆ. ಆದರೆ ಅಂಥ ಸ್ಪರ್ಧೆಗಳು ಸಾಮಾನ್ಯವಾಗಿ ಅಪ್ರಕಟಿತ ಕಥೆಯನ್ನೇ ಕೇಳುತ್ತವೆ, ಮತ್ತು ಆ್ಯಪ್‌ನಲ್ಲಿ ಹಾಕಿದ್ದೂ ಪ್ರಕಟಣೆಯೇ. ಆಕಾಶವಾಣಿಯ ಭದ್ರಾವತಿ ಕೇಂದ್ರಕ್ಕೆ ಸಣ್ಣ ಕಥೆ ಅಥವಾ ಭಾಷಣದ ಪ್ರಸ್ತಾವ ಬರೆದು ಕಳಿಸಬಹುದು. ಆಯ್ಕೆಯಾದರೆ ಸಂಭಾವನೆ ನೇರವಾಗಿ ನಿಮ್ಮ ಖಾತೆಗೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತದೆ. ಅದಕ್ಕೆ ವಯಸ್ಸಿನ ಮಿತಿಯಿರುವುದರಿಂದ ಆ ಮಿತಿ ದಾಟುವ ಮೊದಲೇ ಪ್ರಕಟಣೆ ಯಾವಾಗ ಹೊರಡುತ್ತದೆಂದು ಕಣ್ಣಿಡಿ. ಕಂತುಗಳೆಲ್ಲ ಫೋನಿನಲ್ಲಿ ಮಾತ್ರ ಇದ್ದರೆ ಈ ವಾರವೇ ಅವನ್ನು ನಿಮ್ಮ ಮೇಲ್‌ಗೆ ನೀವೇ ಕಳಿಸಿಕೊಳ್ಳಿ. ಫೋನ್ ಬಾವಿಗೆ ಬಿದ್ದರೂ ಕಥೆ ಉಳಿಯುತ್ತದೆ, ಯಾರಾದರೂ ಕದ್ದು ಯೂಟ್ಯೂಬ್‌ನಲ್ಲಿ ಓದಿದರೆ ನಿಮ್ಮ ಬಳಿ ದಿನಾಂಕವಿರುವ ಪ್ರತಿ ಇರುತ್ತದೆ.

ಆಡಿಯೊ ಕಂಪನಿಗೆ ಹೀಗೊಂದು ಉತ್ತರ ಬರೆದರೆ ಸಾಕು: ‘ಈ ಕಥೆಯ ಕನ್ನಡ ಆಡಿಯೊ ರೂಪಕ್ಕೆ ಮಾತ್ರ ಮೂರು ವರ್ಷಗಳ ಪರವಾನಗಿ ಕೊಡಲು ಸಿದ್ಧಳಿದ್ದೇನೆ. 3,000 ರೂಪಾಯಿಯನ್ನು ಮುಂಗಡವೆಂದು ನಮೂದಿಸಿ, ಆನಂತರದ ಆದಾಯದಲ್ಲಿ ನನ್ನ ಪಾಲು ಎಷ್ಟು ಮತ್ತು ಲೆಕ್ಕ ಎಷ್ಟು ತಿಂಗಳಿಗೊಮ್ಮೆ ಕೊಡುತ್ತೀರಿ ಎಂಬುದನ್ನು ಕರಾರಿನಲ್ಲಿ ಸೇರಿಸಿ. ಪ್ರತಿ ಕಂತಿನ ಆರಂಭದಲ್ಲಿ ನನ್ನ ಹೆಸರು ಹೇಳಬೇಕು. ಉಳಿದ ಎಲ್ಲ ಹಕ್ಕುಗಳು ನನ್ನಲ್ಲೇ ಇರುತ್ತವೆ.’ ಒಪ್ಪಿದರೆ ಕರಾರಿನ ಪ್ರತಿಯನ್ನು ಸಹಿ ಮಾಡುವ ಮೊದಲು ನನಗೊಮ್ಮೆ ಕಳಿಸಿ. ಅವರು ಒಪ್ಪದೆ ‘ಇವತ್ತು ಸಂಜೆಯೊಳಗೆ ಹೇಳಿ’ ಎಂದು ಆತುರಪಡಿಸಿದರೆ ಆ ಸಂಜೆ ಕಳೆಯಲು ಬಿಡಿ.